ಮೊರದವರು

ಎಳೆಗೂಸನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆ ರೇಣಮ್ಮನ ಹೊಸ್ತಿಲ ಮೇಲಿಟ್ಟದ್ದಾಯಿತು. ಆದರೆ ಭಾಗ್ಯ ಮೊರದ ಅಂಚು ಬಿಡಲೊಲ್ಲಳು. ಮೊದಲಿನ ಎರಡೂ ಕೂಸು ಮಣ್ಣಿಗೆ ಹೋಗಿದ್ದವು. ಸೋದರತ್ತೆಯ ಮಗನನ್ನು ಕಟ್ಟಿಕೊಂಡದ್ದೇ ತಪ್ಪು ಎಂದಿದ್ದರು ಯಾದಗಿರಿಯ ಡಾಕ್ಟರು. ಆ ಸೋದರತ್ತೆ, ಈಗಿನ ಅತ್ತೆ ಭೀಮವ್ವ, ಡಾಕ್ಟರಿಗೆ ಬಾಯಿಗೆ ಬಂದಂತೆ ಬೈದು ರಂಗಂಪೇಟೆಗೆ ವಾಪಸು ಬಂದಿದ್ದಳು. ಅವಳಿಗೆ ಗೊತ್ತಿದ್ದುದು ಒಂದೇ ಉಪಾಯ. ಕೂಸನ್ನು ಪರರಿಗೆ ಮಾರಿ, ನಿಂತ ಕಾಲಲ್ಲೇ ವಾಪಸು ಕೊಳ್ಳಬೇಕು. ಇದು ಆ ಮನೆಯ ಕೂಸಲ್ಲ ಅಂತ ಸಾವು ಮೋಸಹೋಗಬೇಕು!

ಹೊಸ್ತಿಲೊಳಗೆ, ಮಕ್ಕಳಿಲ್ಲದ ರೇಣಮ್ಮ ಕೂಸಿನ ಬೆಲೆಯೆಂದು ಬೊಗಸೆ ತುಂಬ ಜೋಳ ಹಿಡಿದು ಕೂತಿದ್ದಳು.

“ಬಿಡವಾ, ಹೊತ್ತಾಗ್ತದ,” ಎಂದಳು ಭೀಮವ್ವ.

“ಮೊದಲ ಇದನ್ನ ಹೇಳ್ರಿ ಅತ್ತಿ. ನಮಗ ಮೊರದವರು ಅಂತ ಅಡ್ಡಹೆಸರು ಯಾಕ ಬಂತು? ದವಾಖಾನ್ಯಾಗೂ ಕೇಳಿದ್ರು, ಮೊರ ಹೆಣೀತೀರೇನು ಅಂತ.”

“ಅಯ್ಯ ಶಿವನ! ಇದೇನ ಕೇಳೋ ಹೊತ್ತು? ಹಿಂಗ ಮೊರದಾಗ ಹಾಕಿ ಮಾರಿದ ಕೂಸು ಬದುಕ್ತು. ನಿನ್ನ ಮಾವನ ಅಜ್ಜ ಅಂವ. ಮುಪ್ಪಾಗಿ, ಮೊಮ್ಮಕ್ಕಳನ್ನ ಕಂಡು ಸತ್ತಾನ. ಅದಕ್ಕ ನಾವು ಮೊರದವರು.”

“ನನ್ನ ಎರಡನೇದನ್ನೂ ಹಿಂಗ ಮಾರಿದ್ವಲ್ರಿ? ಅದ್ಯಾಕ ಬದುಕಲಿಲ್ಲ?”

ಭೀಮವ್ವ ಕೂಸಿನ ಮೇಲಿನ ಬಟ್ಟೆ ಸರಿಪಡಿಸತೊಡಗಿದಳು. ಆದರೆ ಭಾಗ್ಯ ಬಿಡುವ ಪೈಕಿಯಲ್ಲ. “ಆ ಅಜ್ಜನ್ನ ಹಡದಾಕಿ ಯಾರು ಅತ್ತಿ?”

“ಯಾರೋ ಕಕ್ಕೇರಾದಿಂದ ಇಲ್ಲಿ ಬಂದಿದ್ದಾಕಿ. ಕೊಂಡವರು ನಮ್ಮ ಮನಿತನದ ಹಿರೇರು. ಮಕ್ಕಳಿಲ್ಲದ ಮನಿ ಇತ್ತವಾ... ಹೊಳ್ಳಿ ಕೊಡಲಿಲ್ಲ. ಆಕಿ ದಿನಾ ಬಂದು ಕದಾ ಬಡದ್ಲಂತ. ಇವರು ತೆಗೀಲಿಲ್ಲ. ಕಡೀಕ ಆಕಿ ಬರೋದನ್ನ ಬಿಟ್ಲು.”

ರೇಣಮ್ಮನ ಬೊಗಸೆಯಿಂದ ನಾಲ್ಕು ಕಾಳು ಉದುರಿದವು. ಭಾಗ್ಯಳಿಗೆ ಆಗ ಹೊಳೆಯಿತು. ವಾಪಸು ಕೊಡಲಿಲ್ಲ ಅಂತಲೇ ಆ ಕೂಸು ಬದುಕಿತು! ತಾನೋ, ಎರಡನೆಯದನ್ನು ಮಾರಿದ ಕೈಯಿಂದಲೇ ಎತ್ತಿ ಎದೆಗವಚಿಕೊಂಡು ಮನೆಗೆ ತಂದಿದ್ದಳು. ಇದು ಈ ಮನೆಯದೇ ಎಂದು ಕೈಯಾರೆ ಸಾವಿಗೆ ತೋರಿಸಿಕೊಟ್ಟಿದ್ದಳು.

ಅವಳು ಮೊರ ಬಿಟ್ಟಳು. ರೇಣಮ್ಮ ಜೋಳವನ್ನು ಅವಳ ಉಡಿಗೆ ಸುರಿದು ಕೂಸನ್ನು ಒಳಗೆಳೆದುಕೊಂಡಳು.

“ಈಗ ‘ನನ್ನ ಕೂಸು ನನಗ ಕೊಡು’ ಅನ್ನು,” ಭೀಮವ್ವ ಸೊಸೆಯ ಹೆಗಲು ತಿವಿದಳು. “ಅನ್ನು, ಲಗೂನ ಅನ್ನು!”

ಕೂಸು ಹಸಿದು ಚೀರತೊಡಗಿತು. ಭಾಗ್ಯಳ ಕುಪ್ಪಸ ಹಾಲಿಗೆ ತೊಯ್ದುಹೋಯಿತು. ಅವಳು ಎದ್ದು ನಿಂತಳು.

“ಕದಾ ಹಾಕ್ಕೋ ರೇಣಕ್ಕ,” ಎಂದಳು. “ನಾ ಎಷ್ಟ ಬಡದ್ರೂ ತೆಗೀಬ್ಯಾಡ.”