ಮಗನಿಗೆ ಚೀಲವಿಲ್ಲ

ಸೊಸೆ ಊಟದ ಮೇಜಿನ ಮೇಲೆ ಚೀಲಗಳನ್ನು ಸಾಲಾಗಿ ಇಟ್ಟಳು. ಅತ್ತೆ ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದರು. ಮೂರೇ ಇದ್ದವು. ಮನೆಯಲ್ಲಿರುವವರು ನಾಲ್ಕು ಜನ.

ಹೊಳೆ ಉಕ್ಕಿದರೆ ಉಟ್ಟ ಬಟ್ಟೆಯಲ್ಲೇ ಗುಡ್ಡದ ಮೇಲಿನ ಶಾಲೆಗೆ ಓಡಬೇಕು, ತಿನ್ನುವ ಸಾಮಾನು ತುಂಬಿ ಆಳಿಗೊಂದು ಚೀಲ ಬಾಗಿಲ ಬಳಿ ಇಟ್ಟಿರಬೇಕು ಎಂದು ನಗರಸಭೆಯವರು ಮನೆಮನೆಗೆ ಬಂದು ಹೇಳಿಹೋಗಿದ್ದರು. ಸೇತುವೆ ಪಕ್ಕದ ಗೋಪುರದಿಂದ ಒಬ್ಬ ಮೈಕಿನಲ್ಲಿ ದಾರಿ ಹೇಳುತ್ತಾನೆ, ಕೊನೆಯ ಮನೆ ಖಾಲಿಯಾಗುವ ತನಕ ಅವನು ಕೆಳಗಿಳಿಯುವಂತಿಲ್ಲ ಎಂದೂ ಹೇಳಿದ್ದರು. ಅತ್ತೆ "ಯಾವ ತಾಯಿ ಹೆತ್ತ ಮಗನೋ ಪಾಪ" ಎಂದು ಮರುಗಿ, ಚೀಲ ಅವರೇ ಕೊಡುತ್ತಾರೋ ನಾವೇ ತರಬೇಕೋ ಎಂದು ವಿಚಾರಿಸಿದ್ದರು.

ತಿಂಡಿ ಆರಿಸುವುದರಲ್ಲಿ ಸೊಸೆ ಎತ್ತಿದ ಕೈ. ಮಾವನ ಹಲ್ಲುಸೆಟ್ಟಿಗೆ ಹೊಂದುವ ಮೆತ್ತನೆಯ ಬಿಸ್ಕತ್ತು, ಅತ್ತೆಯ ರಕ್ತದೊತ್ತಡಕ್ಕೆ ಉಪ್ಪು ಹಾಕದ ಕಡಲೆಬೀಜ, ತನಗೆ ಒಂದಿಷ್ಟು ಖರ್ಜೂರ. ಬೇಯಿಸುವಂಥದ್ದು ಬೇಡ, ಬಾಯಾರಿಕೆ ತರಿಸುವಂಥದ್ದು ಬೇಡ, ಹೊಟ್ಟೆ ಕೆಡಿಸುವಂಥದ್ದಂತೂ ಬೇಡವೇ ಬೇಡ. ಅಲ್ಲಿ ಶೌಚಾಲಯಕ್ಕೆ ಸಾಲು ನಿಲ್ಲಬೇಕಾಗುತ್ತದೆ. ಇಷ್ಟೆಲ್ಲ ಯೋಚಿಸಿದವಳಿಗೆ ಕಟ್ಟಿಕೊಂಡ ಗಂಡ ಮಾತ್ರ ನೆನಪಾಗಲಿಲ್ಲ.

"ಅವನ ಚೀಲ ಎಲ್ಲಿದೆಯಮ್ಮ?"

"ಅವರಿಗೆ ಬೇಡ ಅತ್ತೆ."

"ಯಾಕೆ, ಅವನಿಗೆ ಹಸಿವಾಗಲ್ವಾ?"

"ಅವರದ್ದು ಅವರು ನೋಡ್ಕೋತಾರೆ."

ಅತ್ತೆ ಗಂಡನ ಮುಖ ನೋಡಿದರು. ಮಾವ ಬಿಸ್ಕತ್ತಿನ ಗುಣಮಟ್ಟ ಪರೀಕ್ಷಿಸುತ್ತಿದ್ದರು. ಬಾಯಿ ತುಂಬಿದ್ದರಿಂದ ಅಭಿಪ್ರಾಯ ಹೇಳಲಿಲ್ಲ. ಸೊಸೆ ಉಳಿದ ಪೊಟ್ಟಣ ಕಿತ್ತುಕೊಂಡು ಒಳಗಿಟ್ಟಳು.

ಅತ್ತೆಗೆ ಮೊದಲೇ ಕಸಿವಿಸಿ ಇತ್ತು. ನಗರಸಭೆಯಲ್ಲಿ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಮಗ, ಈಚೆಗೆ ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಬಿಸಿ ಉಪ್ಪುನೀರು ಮುಕ್ಕಳಿಸಿ ಮಲಗುತ್ತಿದ್ದ. ಗಂಡಹೆಂಡಿರ ಜಗಳ ಎನ್ನೋಣವೆಂದರೆ ಕೂಗಾಟ ಕಿವಿಗೆ ಬಿದ್ದಿರಲಿಲ್ಲ. ಬಾಗಿಲ ಹಿಂದೆ ಪಿಸುಮಾತು ಮಾತ್ರ ನಡೆಯುತ್ತಿತ್ತು, ಅತ್ತೆ ಹತ್ತಿರ ಸುಳಿದರೆ ಅದೂ ನಿಲ್ಲುತ್ತಿತ್ತು. ಇವಳು ಅವನನ್ನು ನಡುನೀರಿನಲ್ಲಿ ಕೈಬಿಡುವವಳೇ ಎಂದು ಅತ್ತೆ ತೀರ್ಮಾನಿಸಿದರು.

ತಾವು ಗಟ್ಟಿಯಾಗಿರುವಾಗ ಮಗ ಉಪವಾಸ ಬೀಳಬೇಕೇ? ಅತ್ತೆ ತಾವೇ ಬೇಕರಿಗೆ ಹೋಗಿ ರಸ್ಕ್ ತಂದರು. ಚಿಕ್ಕಂದಿನಿಂದಲೂ ಅವನಿಗೆ ರಸ್ಕ್ ಎಂದರೆ ಪ್ರಾಣ. ತಮ್ಮ ಚೀಲದ ತಳದಲ್ಲಿ, ಶಾಲಿನ ಅಡಿಯಲ್ಲಿ ಬಚ್ಚಿಟ್ಟರು. ಮಾರನೆಯ ದಿನ ನೋಡಿದರೆ ಇಲ್ಲ. ಮತ್ತೆ ತಂದಿಟ್ಟರು. ಅದೂ ಮಾಯ. ಮಾವನ ಮೇಲೆ ಅನುಮಾನ ಪಡುವ ಹಾಗಿರಲಿಲ್ಲ, ಅವರ ಹಲ್ಲಿಗೆ ರಸ್ಕ್ ಬಗ್ಗುವುದಿಲ್ಲ.

"ನನ್ನ ಚೀಲಕ್ಕೆ ಕೈ ಹಾಕಿದ್ಯಾ?"

"ಹೂಂ ಅತ್ತೆ, ನಾನೇ ತೆಗೆದೆ. ಸೇರಬೇಕಾದ ಕಡೆ ಸೇರಿದೆ."

ಅವಳ ಹೊಟ್ಟೆ ಸೇರಿದೆ ಎಂದು ಅತ್ತೆ ಅರ್ಥಮಾಡಿಕೊಂಡರು. ಕದ್ದು ತಿಂದದ್ದೂ ಅಲ್ಲದೆ ಮುಖ ನೋಡಿ ಹೇಳುತ್ತಾಳೆ. ಇಂಥವಳನ್ನು ಮನೆ ತುಂಬಿಸಿಕೊಂಡ ತಮ್ಮ ಬುದ್ಧಿಗೆ ತಾವೇ ಛೀಮಾರಿ ಹಾಕಿಕೊಂಡರು.

ಆ ವಾರವೇ ಒಂದು ಮಧ್ಯಾಹ್ನ, ಊಟ ಇನ್ನೂ ತಟ್ಟೆಯಲ್ಲಿರುವಾಗ ಸೈರನ್ ಕೂಗಿತು. ಮೂವರೂ ಚೀಲ ಹೆಗಲಿಗೇರಿಸಿ ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ಕಂಬಗಳ ಮೇಲಿನ ಧ್ವನಿವರ್ಧಕಗಳು ಒದರುತ್ತಿದ್ದವು. ಒಂದರ ಮಾತು ಇನ್ನೊಂದಕ್ಕೆ ಡಿಕ್ಕಿ ಹೊಡೆದು, ಯಾರೋ ಗಂಡಸು ಎನ್ನುವುದಷ್ಟೇ ತಿಳಿಯುತ್ತಿತ್ತು.

ಶಾಲೆ ಮುಟ್ಟಿದ್ದೇ ಅತ್ತೆ ಅಲ್ಲಿದ್ದ ಮುಖಗಳನ್ನೆಲ್ಲ ಜಾಲಾಡಿದರು. ಮಗ ಇರಲಿಲ್ಲ. ಸೊಸೆ ಮಾತ್ರ ಜನರ ಕಡೆಗೆ ಕಣ್ಣು ಹಾಯಿಸಲೂ ಇಲ್ಲ. ಜಗುಲಿಯ ಕಂಬಿ ಹಿಡಿದು ಕೆಳಗಿನ ಸೇತುವೆಯನ್ನೇ ನೋಡುತ್ತ ನಿಂತಿದ್ದಳು. ಗೋಪುರದ ಬುಡಕ್ಕೆ ನೀರು ಬಂದಿತ್ತು.

"ಗಂಡ ಇನ್ನೂ ಬಂದಿಲ್ಲ. ಹುಡುಕ್ಬೇಕು ಅಂತಾನೂ ಅನ್ಸಲ್ವೇನೇ ನಿಂಗೆ?"

"ನಿಮಗೆ ಹೇಳಬೇಡ ಅಂದಿದ್ರು ಅತ್ತೆ." ಅವಳು ಗೋಪುರದಿಂದ ಕಣ್ಣು ಕೀಳಲಿಲ್ಲ.

ಶಾಲೆಯ ಮುಂದಿನ ಕಂಬ ಹತ್ತಿರವೇ ಇತ್ತು. ಇಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ಹೊಳೆಬೀದಿಯವರು ಇನ್ನೂ ಬರೋರಿದ್ದೀರಿ. ನೂಕಾಡಬೇಡಿ, ನೀವು ದಾಟೋವರೆಗೂ ನಾನು ಇಲ್ಲೇ ಇರ್ತೀನಿ." ಆಮೇಲೆ ಕ್ಷಣ ಹೊತ್ತು ಮಾತು ನಿಂತಿತು. ಏನನ್ನೋ ಕರುಂ ಎಂದು ಕಡಿದ ಸದ್ದು ಊರಿಗೆಲ್ಲ ಕೇಳಿಸಿತು. ಮುಂದಿನ ಬೀದಿಯ ಹೆಸರು ತುಂಬಿದ ಬಾಯಿಂದಲೇ ಹೊರಬಂತು.

ಅತ್ತೆ ಕಂಬದ ಕಡೆ ತಿರುಗಿ, "ಎಷ್ಟು ಸಲ ಹೇಳ್ಬೇಕು ಮಗನೇ, ರಸ್ಕ್ ಬಾಯಲ್ಲಿಟ್ಕೊಂಡು ಮಾತಾಡ್ಬೇಡ ಅಂತ" ಎಂದರು.