ತೊಂಬತ್ತರ ಕೂಸು

ಸಿಫಿಸ್ ತಪ್ಪು ಒಪ್ಪಿಕೊಂಡದ್ದೇ ಪೇಚಿಗೆ ಬಂತು. ಮನೂಸೊಸನ ಹೋತವನ್ನು ಕದ್ದು ಸುಟ್ಟು ತಿಂದದ್ದು ತಾನೇ ಎಂದು ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟ. ಕ್ರೀಟ್ ದ್ವೀಪದ ಆ ಬೆಟ್ಟದೂರಿನಲ್ಲಿ ಇಂಥದ್ದು ಮುಗಿಯುವುದು ಒಂದೋ ಬಂದೂಕಿನಿಂದ, ಇಲ್ಲವೇ ನೆಂಟಸ್ತಿಕೆಯಿಂದ. ಕದ್ದವನು ಕಳೆದುಕೊಂಡವನ ಮನೆಯ ಕೂಸಿಗೆ ದೀಕ್ಷಾಸ್ನಾನ ಮಾಡಿಸಿ ಧರ್ಮದ ಅಪ್ಪನಾಗಬೇಕು. ಆಮೇಲೆ ಯಾರೂ ಯಾರ ಮೇಲೂ ಕೈಯೆತ್ತುವಂತಿಲ್ಲ.

"ಕೂಸು ಎಲ್ಲಿಂದ ತರ್ಲಿ?" ಎಂದ ಮನೂಸೊಸ್. ಅವನಿಗೆ ಅರವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಬಂದೂಕಿಗೆ ಎಣ್ಣೆ ಹಾಕಿದ್ದಾಗಿತ್ತು. ಹಾರಿಸಲು ಮನಸ್ಸು ಬರುತ್ತಿರಲಿಲ್ಲ, ಹಾರಿಸದಿದ್ದರೆ ಊರು ನಗುತ್ತಿತ್ತು.

ಪಾದ್ರಿ ಮಿರೋನ್ ಗಡ್ಡ ಕೆರೆದುಕೊಂಡರು. "ನಿಮ್ಮಪ್ಪ ಇದಾರಲ್ಲ! ಅವರು ಹುಟ್ಟಿದಾಗ ಊರಲ್ಲಿ ಪಾದ್ರಿ ಇರ್ಲಿಲ್ಲ. ಆಮೇಲೆ ಮನೆಯವರು ಮರೆತೇಬಿಟ್ರು. ದೇವರ ಪಾಲಿಗೆ ಅವರಿನ್ನೂ ಹಸುಗೂಸು."

ಮೂಲೆಯಲ್ಲಿ ಕೂತಿದ್ದ ಮನೂಸೊಸನ ಅಪ್ಪ ಆಂದ್ರುಲಿಸ್ ತಲೆಯೆತ್ತಿದ. "ಹೊಸ ಬೂಟು ಕೊಡಿಸ್ತಾನಾ?"

"ಧರ್ಮದ ಅಪ್ಪ ಅಂದ್ಮೇಲೆ ಕೊಡಿಸ್ಲೇಬೇಕು."

"ಹಾಗಾದ್ರೆ ಮುಳುಗ್ತೀನಿ."

ಚರ್ಚಿನಲ್ಲಿ ಕೂಸುಗಳನ್ನು ಮುಳುಗಿಸುವ ಪಾತ್ರೆಯಲ್ಲಿ ತೊಂಬತ್ತರ ಕೂಸಿನ ಮೊಣಕಾಲೂ ಹಿಡಿಸಲಿಲ್ಲ. ದ್ರಾಕ್ಷಿ ತುಳಿಯುವ ತೊಟ್ಟಿಯನ್ನು ಅಂಗಳಕ್ಕೆ ತಂದು ಬಿಸಿನೀರು ತುಂಬಿಸಿದರು. ಬಿಳಿ ಅಂಗಿ ತೊಟ್ಟು ಮುದುಕ ಇಳಿದ. ಸಿಫಿಸ್ ಯಾರದೋ ಹೇಸರಗತ್ತೆ ತಿಕ್ಕುವವನ ಹಾಗೆ ಅವನ ಬೆನ್ನಿಗೆ ಆಲಿವ್ ಎಣ್ಣೆ ಸವರಿದ. ಸಿಫಿಸನ ತಾಯಿ ಗಾರೆಫಲಿಯಾ ಹೊಸ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಕೂಸಿಗೆ ಹೆಸರು?" ಪಾದ್ರಿ ಕೇಳಿದರು. ಅದನ್ನು ಹೇಳುವ ಹಕ್ಕು ಧರ್ಮದ ಅಪ್ಪನದು. ಆಂದ್ರುಲಿಸ್ ಎಂದೇ ಹೇಳಬೇಕೆಂದು ದಾರಿಯುದ್ದಕ್ಕೂ ಎಲ್ಲರೂ ಸಿಫಿಸನಿಗೆ ಬಾಯಿಪಾಠ ಮಾಡಿಸಿದ್ದರು.

ಸಿಫಿಸ್ ಹೇಳಿದ: "ಸ್ತ್ರಾತಿಸ್."

ಅಂಗಳದಲ್ಲಿ ಗುಸುಗುಸು ಎದ್ದಿತು. ಸ್ತ್ರಾತಿಸ್ ಎಂದರೆ ಸಿಫಿಸನ ತೀರಿಹೋದ ಅಪ್ಪ. ಅವನು ಬದುಕಿರುವವರೆಗೂ ಆಂದ್ರುಲಿಸ್ ಅವನ ಮುಖ ಕಂಡರೆ ನೆಲಕ್ಕೆ ಉಗಿಯುತ್ತಿದ್ದ. ಕಿವಿ ಮಂದವಾಗಿದ್ದ ಪಾದ್ರಿಗೆ ಹೆಸರಷ್ಟೇ ಕೇಳಿಸಿತು. ಅದೇ ಹೆಸರು ಕೂಗುತ್ತ ಮುದುಕನನ್ನು ಮೂರು ಸಲ ಮುಳುಗಿಸಿಯೇಬಿಟ್ಟರು.

ಮನೂಸೊಸನ ಕೈ ಸೊಂಟದ ಚೂರಿಗೆ ಹೋಯಿತು. "ಏನೋ ಅಂದೆ?"

"ಬಾಯಿಗೆ ಬಂದ್ಬಿಡ್ತು ಅಣ್ಣ," ಎಂದ ಸಿಫಿಸ್. "ನಂಗಿರೋದು ಬರೀ ಹೆಣ್ಮಕ್ಕಳು. ಅಪ್ಪನ ಹೆಸರಿಡೋಕೆ ನಂಗೆ ಇನ್ಯಾವ ಕೂಸು ಸಿಗುತ್ತೆ ಹೇಳು?"

ಮೀಸೆಯಿಂದ ನೀರಿಳಿಸುತ್ತ ಮುದುಕ ಎದ್ದು ನಿಂತ. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಗಾರೆಫಲಿಯಾ ಮುಂದೆ ಬಂದು ಅವನ ತಲೆಗೆ ಟವೆಲ್ ಹಾಕಿ ಗಸಗಸ ಒರೆಸತೊಡಗಿದಳು.

"ಬಾಯ್ಮುಚ್ಚು ಸ್ತ್ರಾತಿಸ್. ಶೀತ ಆಗುತ್ತೆ," ಎಂದು ಗದರಿದಳು. ತೀರಿಹೋದ ಗಂಡನನ್ನೂ ಅವಳು ಹೀಗೇ ಗದರುತ್ತಿದ್ದಳು.

ಮುದುಕ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಬಾಯಿ ಮುಚ್ಚಿ, ಅವಳ ಕೈಗೆ ಎಟುಕಲೆಂದು ತಲೆ ಬಗ್ಗಿಸಿದ.