ಒಗೆಯುವ ಕಲ್ಲಿನ ಅಕ್ಷರ

ಅಕ್ಕನ ಮಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಒಪ್ಪಿದಳು. ಅವಳ ಅಪ್ಪ ಒಪ್ಪಲಿಲ್ಲ.

“ಕಾಲೇಜಲ್ಲಿ ಏನ್ ಓದಿದ್ಯಪ್ಪ?”

“ಇತಿಹಾಸ.”

“ಸರಿ, ಹೊಟ್ಟೆಗೆ?”

“ಶಾಸನ ಓದೋ ಕೆಲಸಕ್ಕೆ ಅರ್ಜಿ ಹಾಕಿದೀನಿ.”

“ಸತ್ತೋರು ಬರೆದಿದ್ದು ಓದೋಕೆ ಸಂಬಳ ಬೇರೆ ಕೊಡ್ತಾರಾ? ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲ ಮೇಲೆ ಏನೋ ಗೀಚವ್ರೆ. ಓದು ನೋಡಾನ.”

ಹುಡುಗ ಸೋಪಿನ ನೊರೆ ತೊಳೆದು, ಕುಕ್ಕುರುಗಾಲಲ್ಲಿ ಕೂತು, ಅಕ್ಷರದ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಅರ್ಥ ಹೇಳಿದ: “ಈ ಕಲ್ಲಿನ ಸುತ್ತಲ ನೆಲವೆಲ್ಲ ಊರ ದೇವರಿಗೆ ಬಿಟ್ಟದ್ದು. ಇದನ್ನು ನುಂಗಿದವನ ವಂಶ ಹಾಳಾಗಲಿ.”

ಬೇಲಿಯಾಚೆ ಹಲ್ಲುಜ್ಜುತ್ತಿದ್ದ ದೇವಸ್ಥಾನದ ಪೂಜಾರಿ ಉಜ್ಜುವುದನ್ನು ನಿಲ್ಲಿಸಿದರು.

ಹುಡುಗಿಯ ಅಪ್ಪ ತಮ್ಮ ಮನೆಯನ್ನೊಮ್ಮೆ ನೋಡಿ, ಹುಡುಗನ ಕಿವಿಯ ಬಳಿ ಬಗ್ಗಿದರು.

“ಮೆಲ್ಲಗೆ ಓದಿ, ಅಳಿಯಂದಿರೇ.”